ಕನ್ನಡಕ ಹಾಕಿಕೊಂಡು ಫಿಲ್ಮ್ ಕ್ಯಾಮೆರಾದ ವ್ಯೂಫೈಂಡರ್ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಕ ಹಾಕಿಕೊಂಡರೆ ಚೌಕಟ್ಟಿನ ನಾಲ್ಕು ಮೂಲೆ ಒಟ್ಟಿಗೆ ಕಾಣುವುದಿಲ್ಲ. ಡಯಾಪ್ಟರ್ ಲೆನ್ಸ್ (ಫೈಂಡರಿನ ಕಿಂಡಿಗೆ ಕೂರಿಸುವ, ಕಣ್ಣಿನ ಪವರ್ ತಿದ್ದುವ ಗಾಜು) ಹಾಕಿದರೆ ಸರಿಹೋಗುತ್ತದೆಯೇ?

ಕನ್ನಡಕ ಹಾಗೇ ಇಟ್ಟುಕೊಂಡು ಅದರ ಮೇಲೆ ಡಯಾಪ್ಟರ್ ಲೆನ್ಸ್ ಹಾಕಿದರೆ ಸರಿಹೋಗುವುದಿಲ್ಲ. ಸುಮ್ಮನೆ ದುಡ್ಡು ಹಾಳಾಗುವುದು ಬಹುತೇಕ ಇಲ್ಲೇ. ಇಲ್ಲಿರುವುದು ಒಂದು ತೊಂದರೆಯಲ್ಲ, ಎರಡು. ಮೂಲೆ ಕಾಣದಿರುವುದು ಅಂತರದ ತೊಂದರೆ: ಕಣ್ಣು ಐಪೀಸಿಗೆ (ಕಣ್ಣಿಟ್ಟು ನೋಡುವ ಕಿಂಡಿಗೆ) ಬರಬೇಕಾದಷ್ಟು ಹತ್ತಿರ ಬರುತ್ತಿಲ್ಲ. ಮಸುಕಾಗಿ ಕಾಣುವುದು ಪವರಿನ ತೊಂದರೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನಿಮ್ಮದು ಯಾವುದೆಂದು ತಿಳಿಯಲು ಎರಡು ನಿಮಿಷ ಸಾಕು. ಕ್ಯಾಮೆರಾವನ್ನು ಬೆಳಕಿರುವ ಖಾಲಿ ಗೋಡೆಯತ್ತ ಹಿಡಿದು, ಲೆನ್ಸನ್ನು ಬೇಕೆಂದೇ ಫೋಕಸ್ ತಪ್ಪಿಸಿ. ಈಗ ಗೋಡೆಯನ್ನು ಮರೆತು ಫೋಕಸಿಂಗ್ ಸ್ಕ್ರೀನನ್ನೇ, ಅಂದರೆ ಫೈಂಡರಿನೊಳಗೆ ಚಿತ್ರ ಮೂಡುವ ಉಜ್ಜುಗಾಜನ್ನೇ, ನೋಡಿ. ನಡುವಿನ ವೃತ್ತದ ಗೆರೆ, ಪಕ್ಕದ ಮೀಟರ್ ಅಂಕಿಗಳು ಚೂಪಾಗಿವೆಯೇ? ಹೌದಾದರೆ ಪವರ್ ಸರಿಯಿದೆ. ಸ್ಕ್ರೀನಿನ ನಾಲ್ಕು ಕಪ್ಪು ಅಂಚುಗಳೂ ತಲೆ ಅಲುಗಿಸದೆ ಒಟ್ಟಿಗೆ ಕಾಣುತ್ತವೆಯೇ? ಕಂಡರೆ ಅಂತರವೂ ಸರಿಯಿದೆ. ಎರಡರಲ್ಲಿ ಯಾವುದು ತಪ್ಪಿದೆಯೋ ಅದಕ್ಕೆ ಮಾತ್ರ ಪರಿಹಾರ ಹುಡುಕಿ.

ಐ ಪಾಯಿಂಟ್ ಎಂದರೇನು? ಎಷ್ಟಿದ್ದರೆ ಕನ್ನಡಕದವರಿಗೆ ಸಾಕು?

ಐಪೀಸಿನ ಗಾಜಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೂ ಇಡೀ ಚೌಕಟ್ಟು ಕಾಣುತ್ತದೋ ಆ ದೂರವೇ ಐ ಪಾಯಿಂಟ್. ಅದಕ್ಕಿಂತ ಹಿಂದೆ ಸರಿದರೆ ಮೊದಲು ಮೂಲೆಗಳು ಹೋಗುತ್ತವೆ, ಆಮೇಲೆ ಅಂಚುಗಳು.

ಇನ್ನು ಕನ್ನಡಕದ ಲೆಕ್ಕ. ಕಣ್ಣಿನಿಂದ ಕನ್ನಡಕದ ಗಾಜಿನ ಹಿಂಬದಿಗೆ ಸಾಮಾನ್ಯವಾಗಿ 12ರಿಂದ 14 ಮಿ.ಮೀ. ಗಾಜಿನ ದಪ್ಪ ಸುಮಾರು 2 ಮಿ.ಮೀ. ಕ್ಯಾಮೆರಾದ ಐಪೀಸ್ ಗಾಜು ತನ್ನ ಚೌಕಟ್ಟಿನೊಳಗೆ ಒಂದೆರಡು ಮಿ.ಮೀ. ಹುದುಗಿರುತ್ತದೆ. ಎಲ್ಲ ಕೂಡಿದರೆ 15ರಿಂದ 18 ಮಿ.ಮೀ. ಆಯಿತು. ಹಾಗಾಗಿ 20 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೆಮ್ಮದಿ. 15ರ ಆಸುಪಾಸಿನಲ್ಲಿದ್ದರೆ ಮೂಲೆಗಳಿಗಾಗಿ ಹುಡುಕಾಡಬೇಕಾಗುತ್ತದೆ.

ನಿಮ್ಮ ಕನ್ನಡಕದ ಅಂತರ ಅಳೆಯುವುದು ಸುಲಭ. ನೀವು ನೇರ ಮುಂದೆ ನೋಡುತ್ತಿರಿ. ಇನ್ನೊಬ್ಬರು ಪಕ್ಕದಿಂದ, ಕೆನ್ನೆಯ ಹತ್ತಿರ ಸ್ಕೇಲು ಹಿಡಿದು, ಕಣ್ಣಿನ ಉಬ್ಬಿಗೂ ಗಾಜಿನ ಹೊರಮೈಗೂ ಎಷ್ಟಿದೆ ಎಂದು ಓದಲಿ. 18 ಬಂದರೆ ಮೂಗಿನ ಪ್ಯಾಡ್‌ಗಳು ಕನ್ನಡಕವನ್ನು ಅಗತ್ಯಕ್ಕಿಂತ ದೂರ ಇಟ್ಟಿವೆ ಎಂದರ್ಥ. ಕನ್ನಡಕದ ಅಂಗಡಿಯವರು ಆ ಪ್ಯಾಡ್ ಬಗ್ಗಿಸಿ ಎರಡು ಮೂರು ಮಿ.ಮೀ. ಒಳಗೆ ತಂದುಕೊಡಬಲ್ಲರು. ಕ್ಯಾಮೆರಾ ಬದಲಿಸುವ ಮೊದಲು ಇದೊಂದನ್ನು ಮಾಡಿಸಿ ನೋಡಿ.

ಯಾವ ಎಸ್‌ಎಲ್‌ಆರ್‌ಗಳು (ಲೆನ್ಸಿನ ಮೂಲಕವೇ ದೃಶ್ಯ ತೋರಿಸುವ ಕ್ಯಾಮೆರಾಗಳು) ಕನ್ನಡಕಕ್ಕೆ ಒಗ್ಗುತ್ತವೆ?

ಈ ವಿಷಯದಲ್ಲಿ ಮೊದಲು ನೆನಪಾಗುವ ಹೆಸರು ನಿಕಾನ್ ಎಫ್3 ಎಚ್‌ಪಿ. 1982ರಲ್ಲಿ ಬಂದ ಇದರ ಡಿಇ-3 ಫೈಂಡರಿನಲ್ಲಿ ಐ ಪಾಯಿಂಟ್ 25 ಮಿ.ಮೀ. ಎಚ್‌ಪಿ ಅಂದರೆ ಹೈ ಐಪಾಯಿಂಟ್. ದಪ್ಪ ಗಾಜಿನ ಕನ್ನಡಕ ಹಾಕಿದವರಿಗೂ ನಾಲ್ಕು ಮೂಲೆ, ಮೇಲಿನ ಅಂಕಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮಾಮೂಲಿ ಎಫ್3 ಕೊಂಡವರು ಡಿಇ-3 ಫೈಂಡರ್ ಒಂದನ್ನೇ ಪ್ರತ್ಯೇಕವಾಗಿ ತಂದು ಕೂರಿಸಬಹುದು, ಬಾಡಿ ಅದೇ. ಆಮೇಲಿನ ಆಟೋಫೋಕಸ್ ಬಾಡಿಗಳಲ್ಲಿ ನಿಕಾನ್ ಎಫ್4ರದು 22, ಎಫ್100ದು 21, ಎಫ್5ರದು 20.5, ಕ್ಯಾನನ್ ಇಓಎಸ್-1ವಿಯದು 20 ಮಿ.ಮೀ. ಈ ನಾಲ್ಕರಲ್ಲೂ ಡಯಾಪ್ಟರ್ ಹೊಂದಿಸುವ ತಿರುಪು ಬಾಡಿಯಲ್ಲೇ ಇದೆ.

ಕೈಯಲ್ಲಿ ಫೋಕಸ್ ಮಾಡುವ ಚಿಕ್ಕ ಬಾಡಿಗಳ ಕತೆ ಬೇರೆ. ಪೆಂಟಾಕ್ಸ್ ಎಂಎಕ್ಸ್‌ನ ಫೈಂಡರ್ 0.97 ಪಟ್ಟು (ಬರಿಗಣ್ಣಿಗೆ ಕಾಣುವ ಗಾತ್ರದ ಹೋಲಿಕೆಯಲ್ಲಿ), ಒಲಿಂಪಸ್ ಓಎಂ-1ರದು 0.92 ಪಟ್ಟು. ಎರಡೂ ಬರಿಗಣ್ಣಿಗೆ ದೊಡ್ಡ ಬಾಗಿಲು ತೆರೆದಂತೆ ಕಾಣುತ್ತವೆ. ಆದರೆ ಚಿತ್ರ ದೊಡ್ಡದಾದಷ್ಟೂ ಅದರ ಅಂಚುಗಳು ಕಣ್ಣಿಗೆ ಹೆಚ್ಚು ಕೋನದಲ್ಲಿ ಬರುತ್ತವೆ. 50 ಮಿ.ಮೀ. ಲೆನ್ಸಿನಲ್ಲಿ ಎಂಎಕ್ಸ್‌ನ ಚೌಕಟ್ಟು ಅಡ್ಡಕ್ಕೆ ಸುಮಾರು 37 ಡಿಗ್ರಿ ಹರಡಿ ಕಾಣುತ್ತದೆ, 0.75 ಪಟ್ಟಿನ ಎಫ್3 ಎಚ್‌ಪಿಯದು ಸುಮಾರು 30 ಡಿಗ್ರಿ. ಕನ್ನಡಕ ಹಾಕಿ ಹಿಂದೆ ಸರಿದ ಕಣ್ಣಿಗೆ ಆ 37 ಡಿಗ್ರಿ ಐಪೀಸಿನ ಕಿಂಡಿಯಲ್ಲಿ ಹಿಡಿಸುವುದಿಲ್ಲ. ಹೀಗಾಗಿ "ಫೈಂಡರ್ ಎಷ್ಟು ದೊಡ್ಡದು ಕಾಣುತ್ತದೆ!" ಎಂಬ ಹೊಗಳಿಕೆ ಓದಿ ಕ್ಯಾಮೆರಾ ಆರಿಸಬೇಡಿ; ಅದನ್ನು ಬರೆದವರು ಬರಿಗಣ್ಣಿನವರಿರಬಹುದು. ಕನ್ನಡಕ ತೆಗೆಯದೆ ನೋಡುವವರಿಗೆ 0.7ರಿಂದ 0.8 ಪಟ್ಟಿನ ಫೈಂಡರೇ ವಾಸಿ.

ಇನ್ನೂ ದೂರ ಬೇಕೆಂದರೆ ಎಫ್3ರ ಡಿಎ-2 ಆ್ಯಕ್ಷನ್ ಫೈಂಡರ್, 1981ರ ಕ್ಯಾನನ್ ನ್ಯೂ ಎಫ್-1ರ ಸ್ಪೀಡ್ ಫೈಂಡರ್ ಇವೆ. ಎರಡರಲ್ಲೂ 60 ಮಿ.ಮೀ. ದೂರದಿಂದ ಇಡೀ ಚೌಕಟ್ಟು ಕಾಣುತ್ತದೆ. ಗಾತ್ರ, ತೂಕ ಎರಡೂ ಹೆಚ್ಚು.

ಮೂಲೆ ಕಾಣದ ಕ್ಯಾಮೆರಾ ಈಗಾಗಲೇ ನನ್ನ ಕೈಯಲ್ಲಿದೆ. ಅದರಲ್ಲೇ ಹೇಗೆ ನಿಭಾಯಿಸಲಿ?

ಮೊದಲು ಐಪೀಸ್ ಮೇಲಿನ ದಪ್ಪ ರಬ್ಬರ್ ಐಕಪ್ ತೆಗೆಯಿರಿ, ಇಲ್ಲವೇ ಹಿಂದಕ್ಕೆ ಮಡಚಿ. ಬರಿಗಣ್ಣಿಗೆ ಅದು ನೆರಳು. ಕನ್ನಡಕಕ್ಕೆ ಅದು ಐದಾರು ಮಿ.ಮೀ. ಅಡ್ಡಗೋಡೆ.

ಆಮೇಲೆ ಕಣ್ಣಾಡಿಸುವ ಅಭ್ಯಾಸ. ಕ್ಯಾಮೆರಾ ಅಲುಗಬಾರದು, ತಲೆ ಮಾತ್ರ ಸ್ವಲ್ಪ ಎಡಕ್ಕೆ ಸರಿಯಬೇಕು. ಆಗ ಬಲ ಅಂಚು ತೆರೆದುಕೊಳ್ಳುತ್ತದೆ. ಬಲಕ್ಕೆ ಸರಿದರೆ ಎಡ ಅಂಚು. ಬಾಗಿಲ ಸಂದಿಯಲ್ಲಿ ಇಣುಕಿದಂತೆ, ಕಾಣಬೇಕಾದ ಕಡೆಗೆ ಎದುರಾಗಿ ಕಣ್ಣು ಹೋಗಬೇಕು. ಬಲ ಅಂಚು, ಎಡ ಅಂಚು, ಕೆಳಗೆ, ಮತ್ತೆ ನಡುವೆ: ಇದೇ ಕ್ರಮ ರೂಢಿಯಾದರೆ ಒಂದು ಸೆಕೆಂಡಿನ ಕೆಲಸ.

ಹೀಗೆ ಮಾಡದಿದ್ದರೆ ಆಗುವ ತಪ್ಪಿಗೆ ಒಂದು ಗುರುತಿದೆ. ಪ್ರಿಂಟಿನಲ್ಲಿ ಯಾವುದೂ ಕತ್ತರಿಸಿ ಹೋಗಿರುವುದಿಲ್ಲ. ಬದಲಿಗೆ ಸುತ್ತ ಬೇಡದ ಜಾಗ ಬಿದ್ದಿರುತ್ತದೆ, ವಸ್ತು ನಡುವೆ ಸಣ್ಣದಾಗಿ ಕೂತಿರುತ್ತದೆ. ಕಂಡಷ್ಟೇ ಚೌಕಟ್ಟು ಎಂದುಕೊಂಡು ಹಿಂದೆ ಹೆಜ್ಜೆ ಇಟ್ಟದ್ದರ ಫಲ ಅದು. ಅದರ ಮೇಲೆ, ನಿಕಾನ್ ಎಫ್‌ಎಂ2ರಂಥ ಕ್ಯಾಮೆರಾ ಫಿಲ್ಮಿಗೆ ಬೀಳುವುದರಲ್ಲಿ 93 ಪ್ರತಿಶತವನ್ನಷ್ಟೇ ತೋರಿಸುತ್ತದೆ. ಕನ್ನಡಕ ತಿಂದದ್ದೂ ಫೈಂಡರ್ ಬಚ್ಚಿಟ್ಟದ್ದೂ ಸೇರಿ ಅಂಚಿನಲ್ಲಿ ಸಾಕಷ್ಟು ಹೆಚ್ಚುವರಿ ಬರುತ್ತದೆ. ನಿಮ್ಮ ನೆಗೆಟಿವ್‌ಗಳಲ್ಲಿ ಈ ಲಕ್ಷಣ ಕಂಡರೆ ಅರ್ಧ ಹೆಜ್ಜೆ ಮುಂದೆ ಹೋಗಿ.

ಅಂಚು ಕಾಣದವರ ಚಿತ್ರದಲ್ಲಿ ದಿಗಂತವೂ ಓರೆಯಾಗುತ್ತದೆ. ಸ್ಕ್ರೀನ್ ಬದಲಿಸಬಹುದಾದ ಬಾಡಿಯಾದರೆ ಚೌಕುಳಿ ಗೆರೆಗಳ ಸ್ಕ್ರೀನ್ (ನಿಕಾನಿನಲ್ಲಿ ಇ ಮಾದರಿ) ಹಾಕಿಕೊಳ್ಳಿ. ಓರೆ ನೋಡಲು ಅಂಚೇ ಬೇಕಿಲ್ಲ, ನಡುವಿನ ಗೆರೆ ಸಾಕು.

ಕನ್ನಡಕ ತೆಗೆದು, ಡಯಾಪ್ಟರ್ ಲೆನ್ಸ್ ಹಾಕಿ ನೋಡಬೇಕೆಂದಿದ್ದೇನೆ. ಯಾವ ನಂಬರ್ ಕೊಳ್ಳಲಿ?

ಇದರಿಂದ ಅಂತರ, ಮಸುಕು ಎರಡೂ ಒಟ್ಟಿಗೆ ಬಗೆಹರಿಯುತ್ತವೆ. ಆದರೆ ನಂಬರ್ ಆರಿಸುವಾಗ ಎಡವುವವರೇ ಜಾಸ್ತಿ, ನಿಧಾನವಾಗಿ ಓದಿ.

ಬಹುತೇಕ ಎಸ್‌ಎಲ್‌ಆರ್‌ಗಳ ಫೈಂಡರ್ ಸೊನ್ನೆಗೆ ಹೊಂದಿಸಿದ್ದಲ್ಲ, -1 ಡಯಾಪ್ಟರಿಗೆ (ಗಾಜಿನ ಪವರಿನ ಅಳತೆ) ಹೊಂದಿಸಿದ್ದು. ಅಂದರೆ ಸ್ಕ್ರೀನಿನ ಚಿತ್ರ ಕಣ್ಣಿಗೆ ಸುಮಾರು ಒಂದು ಮೀಟರ್ ದೂರದಲ್ಲಿ ಇದ್ದಂತೆ ಕಾಣುತ್ತದೆ. ನಿಕಾನ್ ಮತ್ತು ಎಫ್‌ಡಿ ಲೆನ್ಸುಗಳ (ಆಟೋಫೋಕಸ್ ಬರುವ ಮೊದಲಿನ) ಕಾಲದ ಕ್ಯಾನನ್ ತಮ್ಮ ತಿದ್ದುವ ಲೆನ್ಸುಗಳ ಮೇಲೆ ಬರೆಯುವುದು ಆ ಗಾಜಿನ ಸ್ವಂತ ಪವರ್ ಅಲ್ಲ, ಫೈಂಡರ್ ಜೊತೆ ಸೇರಿದ ಮೇಲೆ ಬರುವ ಒಟ್ಟು ಪವರ್. "-3" ಎಂದು ಬರೆದ ಗಾಜಿನ ನಿಜವಾದ ಪವರ್ -2. "0" ಎಂದು ಬರೆದದ್ದು ಸಾದಾ ಗಾಜಲ್ಲ, ಅದು +1.

ಹಾಗಾಗಿ:

ದೂರದ ಪವರ್ -1 ಇರುವವರಿಗೆ ಏನೂ ಬೇಡ. ಕನ್ನಡಕ ತೆಗೆದು ನೋಡಿದರೆ ಸಾಕು, ಫೈಂಡರ್ ನಿಮಗೆಂದೇ ಮಾಡಿದಂತಿರುತ್ತದೆ.

-3 ಇರುವವರು ಈ ಎರಡು ಕಂಪನಿಗಳದ್ದಾದರೆ "-3" ಎಂದು ಬರೆದದ್ದನ್ನೇ ಕೊಳ್ಳಿ. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ ಹಾಕಿಸುವುದಾದರೆ -2 ಕೇಳಿ. ಇಲ್ಲಿ -3 ಕೇಳಿದರೆ ಒಂದು ಡಯಾಪ್ಟರ್ ಹೆಚ್ಚಾಗಿ, ಕಣ್ಣು ಎಳೆದಂತಾಗಿ ತಲೆನೋವು ಬರುತ್ತದೆ.

+2 ಇರುವವರು ಬರೆದದ್ದರಲ್ಲಿ "+2", ಕತ್ತರಿಸಿ ಹಾಕಿಸುವುದಾದರೆ +3.

ಲೈಕಾ ಎಂ ಸರಣಿಗೆ ಲೆಕ್ಕ ಬೇರೆ. ಅಲ್ಲಿ ಫೈಂಡರ್ -0.5ಕ್ಕೆ ಹೊಂದಿಸಿದ್ದು, ತಿದ್ದುವ ಗಾಜಿನ ಮೇಲೆ ಅದರ ಸ್ವಂತ ಪವರನ್ನೇ ಬರೆದಿರುತ್ತಾರೆ. -3 ಇರುವವರಿಗೆ ಅಲ್ಲಿ -2.5 ಬೇಕು.

ಹಳೆಯ ಗಾಜು ಸಿಕ್ಕಿ ಅದರ ಬರಹ ಅಳಿಸಿಹೋಗಿದ್ದರೆ, ಒಂದು ಚೌಕುಳಿ ಕಾಗದದ ಮೇಲೆ ಎತ್ತಿ ಹಿಡಿದು ಎಡಬಲ ಆಡಿಸಿ. ಗೆರೆಗಳು ಗಾಜು ಹೋದ ಕಡೆಗೇ ಸರಿದರೆ ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಎಷ್ಟು ಎಂಬುದನ್ನು ಕನ್ನಡಕದ ಅಂಗಡಿಯ ಲೆನ್ಸೋಮೀಟರ್ ಒಂದು ನಿಮಿಷದಲ್ಲಿ ಹೇಳುತ್ತದೆ. ಕೊಳ್ಳುವ ಮೊದಲು ಅಳತೆಯನ್ನೂ ನೋಡಿಕೊಳ್ಳಿ: ಎಫ್‌ಎಂ2ಕ್ಕೆ ತಿರುಗಿಸಿ ಕೂರಿಸುವ ಗಾಜು ಎಫ್3 ಎಚ್‌ಪಿಗೆ ಕೂರುವುದಿಲ್ಲ, ಅದರ ತಿರುಪಿನ ಅಳತೆ ದೊಡ್ಡದು. ಕ್ಯಾನನ್ ಎಇ-1ರದು ತಿರುಪೇ ಅಲ್ಲ, ತೋಡಿನಲ್ಲಿ ಜಾರಿಸಿ ಕೂರಿಸುವಂಥದ್ದು.

ಈ ದಾರಿಯಲ್ಲಿ ಇರುವ ತೊಡಕು ಒಂದೇ. ಕ್ಯಾಮೆರಾ ಇಳಿಸಿದೊಡನೆ ಲೋಕ ಮಂಜಾಗುತ್ತದೆ. ಮೈನಸ್ ನಾಲ್ಕೈದು ಇರುವವರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳದಿದ್ದರೆ ಓಡಾಡುವುದೇ ಕಷ್ಟ. ಬೀದಿಯಲ್ಲಿ ಚಿತ್ರ ತೆಗೆಯುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಸ್ಟ್ಯಾಂಡ್ ಮೇಲಿಟ್ಟು ನಿಧಾನವಾಗಿ ತೆಗೆಯುವವರಿಗೆ ತುಂಬ ಚೆನ್ನ.

ನನಗೆ ಸಿಲಿಂಡ್ರಿಕಲ್ ಪವರ್ (ಒಂದು ದಿಕ್ಕಿಗೆ ಮಾತ್ರ ಇರುವ ಪವರ್) ಇದೆ. ಡಯಾಪ್ಟರ್ ತಿರುಪಿನಿಂದ ಸರಿಹೋಗುತ್ತದೆಯೇ?

ಇಲ್ಲ. ಆ ತಿರುಪು ತಿದ್ದುವುದು ಎಲ್ಲ ದಿಕ್ಕಿಗೂ ಒಂದೇ ಆಗಿರುವ ಸ್ಫೆರಿಕಲ್ ಪವರನ್ನು ಮಾತ್ರ. ಸಿಲಿಂಡರ್ 0.5ರಷ್ಟಿದ್ದರೆ ಬಹುಮಂದಿಗೆ ಗೊತ್ತೇ ಆಗುವುದಿಲ್ಲ. 1ರ ಮೇಲಿದ್ದರೆ ಎಷ್ಟು ತಿರುಗಿಸಿದರೂ ಒಂದು ದಿಕ್ಕಿನ ಗೆರೆ ಚೂಪಾದಾಗ ಇನ್ನೊಂದು ದಿಕ್ಕಿನದು ಮಸುಕಾಗುತ್ತದೆ.

ಸಿಲಿಂಡರ್ ಇರುವ ಗಾಜನ್ನೇ ಐಪೀಸಿಗೆ ಕತ್ತರಿಸಿ ಹಾಕಿಸಬಹುದು, ಆದರೆ ಎರಡು ಕಡೆ ಎಚ್ಚರ ಬೇಕು. ತಿರುಗಿಸಿ ಕೂರಿಸುವ ಚೌಕಟ್ಟಾದರೆ, ಪೂರ್ತಿ ಬಿಗಿಯಾದಾಗ ಗಾಜಿನ ಆಕ್ಸಿಸ್ (ಸಿಲಿಂಡರಿನ ದಿಕ್ಕು) ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡು ಆಮೇಲೆ ಗಾಜು ಕೂರಿಸಬೇಕು. ಎರಡನೆಯದಕ್ಕೆ ಪರಿಹಾರವೇ ಇಲ್ಲ: ಕ್ಯಾಮೆರಾವನ್ನು ನಿಲುವಾಗಿ ಹಿಡಿದೊಡನೆ ಗಾಜಿನ ಆಕ್ಸಿಸ್ 90 ಡಿಗ್ರಿ ತಿರುಗುತ್ತದೆ, ನಿಮ್ಮ ಕಣ್ಣಿನದು ತಿರುಗುವುದಿಲ್ಲ. ಆಗ ತಿದ್ದುಪಡಿ ಹೋಗಲಿ, ಮಸುಕು ಎರಡರಷ್ಟಾಗುತ್ತದೆ. ಹೆಚ್ಚು ಸಿಲಿಂಡರ್ ಇರುವವರು ಕನ್ನಡಕ ಹಾಕಿಕೊಂಡೇ ನೋಡುವುದು, ದೊಡ್ಡ ಐ ಪಾಯಿಂಟಿನ ಕ್ಯಾಮೆರಾ ಆರಿಸಿಕೊಳ್ಳುವುದು ಒಳ್ಳೆಯದು. ಸಿಲಿಂಡರನ್ನೂ ತಿದ್ದುವ ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ ಒಗ್ಗುವವರಿಗೆ ಈ ಯಾವ ತಾಪತ್ರಯವೂ ಇಲ್ಲ.

ಚಾಳೀಸು ಬಂದಿದೆ. ದೂರದ ಕನ್ನಡಕ ಹಾಕಿದರೂ ಸ್ಕ್ರೀನ್ ಚೂಪಾಗುತ್ತಿಲ್ಲ. ಯಾಕೆ?

ಮೇಲೆ ಹೇಳಿದ ಆ -1ರಿಂದ. ಎಳೆಯ ಕಣ್ಣು ಒಂದು ಮೀಟರ್ ದೂರಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಆ ಶಕ್ತಿ ಕುಗ್ಗುತ್ತದೆ. ದೂರಕ್ಕೆಂದು ಕೊಟ್ಟ ಕನ್ನಡಕ ದೂರವನ್ನಷ್ಟೇ ಚೂಪು ಮಾಡುತ್ತದೆ, ಒಂದು ಮೀಟರಿನ ಸ್ಕ್ರೀನನ್ನು ಮಾಡುವುದಿಲ್ಲ. ಹಳೆಯ ಕ್ಯಾಮೆರಾ ಕೆಟ್ಟಿದೆ ಎಂದು ರಿಪೇರಿಗೆ ಕೊಡುವವರಿದ್ದಾರೆ. ಕ್ಯಾಮೆರಾಕ್ಕೆ ಏನೂ ಆಗಿರುವುದಿಲ್ಲ. "0" ಎಂದು ಬರೆದ ಗಾಜು, ಅಂದರೆ ನಿಜದ +1, ಹಾಕಿ ದೂರದ ಕನ್ನಡಕದಲ್ಲೇ ನೋಡಿ. ತಿರುಪಿರುವ ಬಾಡಿಯಾದರೆ ಅದನ್ನು ಸ್ವಲ್ಪ ಪ್ಲಸ್ ಕಡೆಗೆ ತಿರುಗಿಸಿ.

ದೂರಕ್ಕೆ ಪವರಿಲ್ಲದೆ ಓದಲು ಮಾತ್ರ ಕನ್ನಡಕವಿರುವವರು: +1ರ ಓದುವ ಕನ್ನಡಕ ಫೈಂಡರಿಗೆ ಸರಿಯಾಗಿ ಹೊಂದುತ್ತದೆ. +2 ಅಥವಾ +2.5 ಹಾಕಿಕೊಂಡು ನೋಡಿದರೆ ಮಸುಕೇ. ಅದನ್ನು ತೆಗೆದು, ಐಪೀಸಿಗೆ "0" ಹಾಕಿ.

ಪ್ರೋಗ್ರೆಸಿವ್ ಗಾಜಿನವರು ಗಮನಿಸಿ: ಕ್ಯಾಮೆರಾ ಎತ್ತುವಾಗ ಐಪೀಸ್ ಪ್ರತಿಸಲ ಕನ್ನಡಕದ ಒಂದೇ ಭಾಗಕ್ಕೆ ಬರಬೇಕು, ಇಲ್ಲವಾದರೆ ಪ್ರತಿಸಲ ಬೇರೆ ಪವರ್. ಗದ್ದ ಸ್ವಲ್ಪ ಕೆಳಗಿಟ್ಟು ಗಾಜಿನ ಮೇಲ್ಭಾಗದಿಂದ ನೋಡುವುದನ್ನು ರೂಢಿಸಿಕೊಂಡು, ಆ ಭಾಗಕ್ಕೆ ಡಯಾಪ್ಟರ್ ಹೊಂದಿಸಿ.

ಡಯಾಪ್ಟರ್ ತಿರುಪನ್ನು ಹೊಂದಿಸುವ ಸರಿಯಾದ ಕ್ರಮ ಯಾವುದು?

1. ಲೆನ್ಸನ್ನು ಫೋಕಸ್ ತಪ್ಪಿಸಿ, ಬೆಳಕಿರುವ ಖಾಲಿ ಗೋಡೆಯತ್ತ ಹಿಡಿಯಿರಿ.
2. ತಿರುಪನ್ನು ಪ್ಲಸ್ ಕಡೆಯ ಕೊನೆಗೆ ಒಯ್ಯಿರಿ. ಸ್ಕ್ರೀನ್ ಮಸುಕಾಗಬೇಕು.
3. ದೂರದ ಏನನ್ನಾದರೂ ಹತ್ತು ಸೆಕೆಂಡು ಬರಿದೇ ನೋಡಿ, ಕಣ್ಣು ಸಡಿಲವಾಗಲಿ.
4. ಫೈಂಡರಿಗೆ ಕಣ್ಣಿಟ್ಟು ನಿಧಾನವಾಗಿ ಮೈನಸ್ ಕಡೆಗೆ ತಿರುಗಿಸಿ. ವೃತ್ತದ ಗೆರೆ ಮೊದಲ ಸಲ ಚೂಪಾದಲ್ಲೇ ನಿಲ್ಲಿಸಿ.

ಮೈನಸ್‌ನಿಂದ ಶುರುಮಾಡಿದರೆ ಕಣ್ಣು ತಾನೇ ಹಿಗ್ಗಿ ಕುಗ್ಗಿ ತಪ್ಪು ಜಾಗದಲ್ಲೂ ಚೂಪು ಮಾಡಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ದಣಿಯುತ್ತದೆ. ಎದುರಿನ ದೃಶ್ಯ ನೋಡಿಕೊಂಡು ಹೊಂದಿಸುವುದಂತೂ ಬೇಡವೇ ಬೇಡ. ಬೆಳಗ್ಗೆ ಹೊಂದಿಸಿದ್ದನ್ನು ಸಂಜೆ ಮತ್ತೊಮ್ಮೆ ನೋಡಿ.

ಫೈಂಡರ್ ಮಸುಕಿದ್ದರೆ ಫೋಟೋ ಕೂಡ ಮಸುಕಾಗುತ್ತದೆಯೇ?

ನೇರವಾಗಿ ಆಗುವುದಿಲ್ಲ. ಲೆನ್ಸಿಗೂ ಫಿಲ್ಮಿಗೂ ಐಪೀಸಿನ ಪವರ್ ಗೊತ್ತಿಲ್ಲ. ಆದರೆ ಕೈಯಲ್ಲಿ ಫೋಕಸ್ ಮಾಡುವಾಗ ಕಣ್ಣು ಸ್ಕ್ರೀನಿನ ಮೇಲೆ ನೆಲೆಸದಿದ್ದರೆ ಉಜ್ಜುಗಾಜಿನ ಭಾಗದಲ್ಲಿ ಮಾಡಿದ ಫೋಕಸ್ ತಪ್ಪುತ್ತದೆ. ಸ್ಕ್ರೀನಿನ ನಡುವೆ ಚಿತ್ರವನ್ನು ಎರಡಾಗಿ ಸೀಳಿ ತೋರಿಸುವ ಸ್ಪ್ಲಿಟ್ ಇಮೇಜ್‌ನಲ್ಲಿ ಗೆರೆ ಕೂಡಿಸುವುದಷ್ಟೇ ಆದ್ದರಿಂದ ಅಲ್ಲಿ ತಪ್ಪು ಕಡಿಮೆ. ಆಟೋಫೋಕಸಿಗೆ ಇದರ ಸಂಬಂಧವಿಲ್ಲ.

ನಡುವಿನ ಸ್ಪ್ಲಿಟ್ ಇಮೇಜ್‌ನ ಅರ್ಧ ಭಾಗ ಕಪ್ಪಾಗುತ್ತದೆ. ಕನ್ನಡಕದ ದೋಷವೇ?

ಭಾಗಶಃ. ಆ ಎರಡು ಪುಟ್ಟ ಪಟ್ಟಕಗಳು ಬೆಳಕನ್ನು ಎರಡು ದಿಕ್ಕಿಗೆ ಬಾಗಿಸುತ್ತವೆ. ಕಣ್ಣು ಸರಿಯಾಗಿ ನಡುವೆ ಇದ್ದರೆ ಎರಡೂ ಬೆಳಗುತ್ತವೆ, ಕೊಂಚ ಸರಿದರೆ ಒಂದು ಆರುತ್ತದೆ. ಕನ್ನಡಕದವರಿಗೆ ಕಣ್ಣನ್ನು ಊರಲು ಆಧಾರವಿಲ್ಲ, ಹಾಗಾಗಿ ಇದು ಹೆಚ್ಚು. ಕನ್ನಡಕದ ಚೌಕಟ್ಟಿನ ಮೇಲಂಚನ್ನು ಪ್ರತಿಸಲ ಐಪೀಸಿನ ಒಂದೇ ಜಾಗಕ್ಕೆ ತಾಗಿಸುವುದು ಉಪಯೋಗಕ್ಕೆ ಬರುತ್ತದೆ. ಎಫ್/5.6ರಷ್ಟು ಸಣ್ಣ ಬಾಯಿಯ ಲೆನ್ಸಿನಲ್ಲಿ ಬರಿಗಣ್ಣಿಗೂ ಕಪ್ಪಾಗುತ್ತದೆ. ಆಗ ಸುತ್ತಲಿನ ಉಜ್ಜುಗಾಜಿನಲ್ಲಿ ಫೋಕಸ್ ಮಾಡಿ.

ರೇಂಜ್‌ಫೈಂಡರ್ ಕ್ಯಾಮೆರಾ (ಲೆನ್ಸಿನ ಮೂಲಕವಲ್ಲ, ಪ್ರತ್ಯೇಕ ಕಿಂಡಿಯಿಂದ ನೋಡುವಂಥದ್ದು) ಕನ್ನಡಕಕ್ಕೆ ಹೇಗೆ?

ಲೈಕಾ ಎಂ ಗುಂಪಿನಲ್ಲಿ ಎಲ್ಲವೂ ಪಟ್ಟಿನ ಮೇಲೆ ನಿಂತಿದೆ. 1954ರ ಎಂ3ರದು 0.91 ಪಟ್ಟು, 50 ಮಿ.ಮೀ. ಚೌಕಟ್ಟಿಗೆ ಹೇಳಿ ಮಾಡಿಸಿದ್ದು. ಎಂ6ರ 0.72 ಫೈಂಡರಿನಲ್ಲಿ 35 ಮಿ.ಮೀ. ಲೆನ್ಸಿನ ಚೌಕಟ್ಟಿನ ಗೆರೆಗಳು ಕನ್ನಡಕದವರಿಗೂ ಬಹುತೇಕ ಸಿಗುತ್ತವೆ, 28ರ ಗೆರೆಗಳಿಗೆ ಕಣ್ಣಾಡಿಸಬೇಕು. 28 ಮಿ.ಮೀ.ಯೇ ನಿಮ್ಮ ಮುಖ್ಯ ಲೆನ್ಸ್ ಆದರೆ ಎಂ6 ಟಿಟಿಎಲ್‌ನ 0.58 ಪಟ್ಟಿನ ಬಾಡಿ ಹುಡುಕಿ, ಇಲ್ಲವೇ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ಪ್ರತ್ಯೇಕ ಫೈಂಡರ್ ಹಾಕಿ. ಹಿಂದಿನಿಂದ ಬಿಸಿಲು ಬೀಳುವಾಗ ಕನ್ನಡಕದ ಪಕ್ಕದಿಂದ ನುಗ್ಗಿದ ಬೆಳಕು, ಫೋಕಸ್ ಮಾಡಲು ನೋಡುವ ನಡುವಿನ ಪ್ಯಾಚನ್ನು ಬೆಳ್ಳಗೆ ಅಳಿಸುತ್ತದೆ. ಎಡಗೈಯನ್ನು ಹಣೆಯ ಪಕ್ಕ ಮರೆಯಾಗಿ ಹಿಡಿದರೆ ಪ್ಯಾಚ್ ಮರಳುತ್ತದೆ.

ಕನ್ನಡಕದ ಗಾಜಿಗೆ ಗೀರು ಬೀಳುತ್ತಿದೆ. ತಡೆಯುವುದು ಹೇಗೆ?

ಹಳೆಯ ಲೈಕಾ ಎಂ3ರಂಥ ಕ್ಯಾಮೆರಾಗಳ ಐಪೀಸಿನ ಸುತ್ತ ಬರಿಯ ಲೋಹದ ಬಳೆ ಇರುತ್ತದೆ. ಕನ್ನಡಕದ ಮೇಲ್ಲೇಪ ಅದಕ್ಕೆ ತಾಳುವುದಿಲ್ಲ. ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಣ್ಣಿನ ನೇರಕ್ಕೆ ಅರ್ಧಚಂದ್ರದ ಸಣ್ಣ ಗೀರುಗಳು ಕಾಣುತ್ತವೆ. ತೆಳ್ಳನೆಯ ರಬ್ಬರ್ ಬಳೆ ಅಥವಾ ಅಂಟಿರುವ ಫೆಲ್ಟನ್ನು ಬಳೆಯಾಕಾರಕ್ಕೆ ಕತ್ತರಿಸಿ ಅಂಟಿಸಿ. ಒಂದು ಮಿ.ಮೀ.ಗಿಂತ ದಪ್ಪ ಬೇಡ, ದಪ್ಪವಾದಷ್ಟೂ ಮೂಲೆಗಳು ಹೋಗುತ್ತವೆ. ಅಂಟು ಗಾಜಿಗೆ ತಾಗದಿರಲಿ. ರಬ್ಬರಿನಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ಅದು ಲೋಹಕ್ಕಿಂತ ಕೆಟ್ಟದ್ದು, ಆಗಾಗ ಒರೆಸಿ.

ಎಡಗಣ್ಣಲ್ಲಿ ನೋಡುವವರಿಗೆ ಇನ್ನೊಂದು ಅಪಾಯ. ನಿಕಾನ್ ಎಫ್‌ಎಂ2ರಲ್ಲಿ ಮೀಟರ್ ನಡೆಯಬೇಕಾದರೆ ಫಿಲ್ಮ್ ಎಳೆಯುವ ಸನ್ನೆಯನ್ನು ಸ್ವಲ್ಪ ಹೊರಗೆ ಎಳೆದಿಟ್ಟಿರಬೇಕು. ಎಡಗಣ್ಣನ್ನು ಇಟ್ಟಾಗ ಆ ಸನ್ನೆಯ ತುದಿ ನೇರ ಬಲಗಾಜಿನ ಎದುರಿಗೇ ಬರುತ್ತದೆ. ಮೀಟರ್ ಓದು ನೋಡಿಕೊಂಡು, ಅಪರ್ಚರ್ ಮತ್ತು ಶಟರ್ ಇಟ್ಟು, ಆಮೇಲೆ ಕಣ್ಣಿಗೆ ಎತ್ತುವಾಗ ಕ್ಯಾಮೆರಾವನ್ನು ಬಲಗಡೆ ತುಸು ಮುಂದೆ ತಳ್ಳಿ ಹಿಡಿಯಿರಿ.

ಕನ್ನಡಕ ಹಾಕಿದಾಗ ಮೀಟರ್ ತಪ್ಪು ತೋರಿಸುತ್ತದೆಯೇ?

ತೋರಿಸಬಹುದು. ಪೆಂಟಾಕ್ಸ್ ಕೆ1000, ಒಲಿಂಪಸ್ ಓಎಂ-1, ಎಫ್‌ಎಂ2 ಮುಂತಾದವುಗಳಲ್ಲಿ ಬೆಳಕು ಅಳೆಯುವ ಸೆಲ್‌ಗಳು ಐಪೀಸಿನ ಹತ್ತಿರವೇ ಇವೆ. ಬರಿಗಣ್ಣು ಕಿಂಡಿಯನ್ನು ಮುಚ್ಚುತ್ತದೆ. ಕನ್ನಡಕದವರ ಕಣ್ಣು ದೂರವಿರುವುದರಿಂದ ಹಿಂದಿನ ಬೆಳಕು ಸಂದಿಯಲ್ಲಿ ಒಳನುಗ್ಗುತ್ತದೆ. ಮೀಟರ್ ಅದನ್ನೂ ದೃಶ್ಯದ ಬೆಳಕೆಂದು ಎಣಿಸಿ ಎಕ್ಸ್‌ಪೋಷರ್ ಕಡಿಮೆ ಸಾಕೆಂದು ತೋರಿಸುತ್ತದೆ. ಬೆನ್ನಿಗೆ ಬಿಸಿಲಿರುವಾಗ ಓದು ನೋಡಿ, ಆಮೇಲೆ ಐಪೀಸಿನ ಸುತ್ತ ಅಂಗೈ ಮರೆ ಮಾಡಿ ಮತ್ತೆ ನೋಡಿ. ಓದು ಬದಲಾದರೆ ಎರಡನೆಯದೇ ಸರಿ.

ತಂಪು ಕನ್ನಡಕದಲ್ಲಿ ನೋಡಬಹುದೇ?

ಪೋಲರೈಸ್ಡ್ ಆಗಿದ್ದರೆ ಬೇಡ. ಫೈಂಡರಿನೊಳಗಿನ ಎಲ್‌ಸಿಡಿ ಅಂಕಿಗಳು ಕೆಲವು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ಲೆನ್ಸಿನ ಮೇಲೆ ಪೋಲರೈಸರ್ ಇದ್ದರೆ ಅದನ್ನು ತಿರುಗಿಸಿದಾಗ ಕಾಣುವ ಬದಲಾವಣೆಯಲ್ಲಿ ಫಿಲ್ಟರಿನದೆಷ್ಟು, ಕನ್ನಡಕದ್ದೆಷ್ಟು ಎಂದು ಹೇಳಲಾಗುವುದಿಲ್ಲ.

ಉಸಿರಿನಿಂದ ಐಪೀಸ್ ಮಂಜುಗಟ್ಟುತ್ತದೆ.

ಮೂಗು ಕ್ಯಾಮೆರಾದ ಹಿಂಬದಿಗೆ ಒತ್ತಿ ನಿಂತಾಗ ಬಿಸಿಯುಸಿರು ಮೇಲಕ್ಕೆ ಹೋಗಿ ಎರಡು ಗಾಜುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕ್ಯಾಮೆರಾ ಎತ್ತುವ ಮೊದಲು ಉಸಿರು ಬಿಟ್ಟು, ಚಿತ್ರ ತೆಗೆದ ಮೇಲೆ ಎಳೆದುಕೊಳ್ಳಿ. ಮಂಜು ಎಂದುಕೊಂಡದ್ದು ಎಷ್ಟೋ ಸಲ ಹುಬ್ಬಿನ ಜಿಡ್ಡು. ಮೊದಲು ಬ್ಲೋಯರಿನಿಂದ ದೂಳು ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆಯ ಮೂಲೆಯನ್ನು ಲೆನ್ಸ್ ತೊಳೆಯುವ ದ್ರವದಲ್ಲಿ ತುಸು ತೇವ ಮಾಡಿ ನಡುವಿನಿಂದ ಅಂಚಿಗೆ ಒರೆಸಿ. ದ್ರವವನ್ನು ಐಪೀಸಿನ ಮೇಲೆ ನೇರವಾಗಿ ಹನಿಸಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ.